ಗ್ರೀಸಿನ ದ್ವೀಪಗಳಲ್ಲಿ ಯಾವ ಬೆಟ್ಟ ಹತ್ತಬೇಕು? ನಾಲ್ಕು ಶಿಖರಗಳ ಹೋಲಿಕೆ

ಕ್ರೀಟ್ ದ್ವೀಪದ ಪ್ಸಿಲೊರೀಟಿಸ್ 2,456 ಮೀಟರ್. ಕೆಫಲೋನಿಯಾದ ಐನೊಸ್ 1,628. ಸಮೊಥ್ರಾಕಿಯ ಸಾವೊಸ್ 1,611. ನಾಕ್ಸೊಸ್ ದ್ವೀಪದ ಝಾಸ್ ಸಾವಿರ ಮೀಟರನ್ನು ಕೂದಲೆಳೆಯಷ್ಟೇ ದಾಟುತ್ತದೆ. ಗ್ರೀಸಿಗೆ ಹೊರಟವರು ಕಡಲತೀರದ ನಡುವೆ ಒಂದೆರಡು ದಿನ ಬಿಡುವು ಮಾಡಿಕೊಂಡು ಬೆಟ್ಟವೊಂದನ್ನು ಹತ್ತುವುದಾದರೆ ಈ ನಾಲ್ಕರಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನಾಲ್ಕನ್ನೂ ಸಮಾನವಾಗಿ ತೂಗುವ ಉದ್ದೇಶ ನನಗಿಲ್ಲ. ನನ್ನ ಒಲವು ಪ್ಸಿಲೊರೀಟಿಸ್ ಕಡೆಗೆ. ಅದಕ್ಕೆ ಕಾರಣಗಳನ್ನೂ, ಬೇರೊಂದು ಬೆಟ್ಟವೇ ಸರಿ ಎನ್ನಿಸುವ ಸಂದರ್ಭಗಳನ್ನೂ ಮುಂದಿಡುತ್ತೇನೆ.

ಮೊದಲ ಎಚ್ಚರಿಕೆ: ಎತ್ತರದ ಅಂಕಿಯನ್ನು ನೋಡಿ ಆರಿಸಬೇಡಿ. ಪ್ಸಿಲೊರೀಟಿಸ್ ಚಾರಣ ಸಾಮಾನ್ಯವಾಗಿ ಆರಂಭವಾಗುವುದು ಸುಮಾರು 1,400 ಮೀಟರ್ ಎತ್ತರದ ನೀಡಾ ಪ್ರಸ್ಥಭೂಮಿಯಿಂದ. ಅಲ್ಲಿಯವರೆಗೂ ಡಾಂಬರು ರಸ್ತೆಯಿದೆ. ಕಾಲ್ನಡಿಗೆಗೆ ಉಳಿಯುವುದು ಸಾವಿರ ಚಿಲ್ಲರೆ ಮೀಟರಿನ ಏರು. ಸಾವೊಸ್ ಅಂಕಿಯಲ್ಲಿ ಚಿಕ್ಕದು, ಆದರೆ ಅಲ್ಲಿ ಕಡಲಿನ ಮಟ್ಟದಿಂದಲೇ ಹೊರಡಬೇಕು. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತದ ತುದಿ ಮುಟ್ಟಿದವರಿಗೆ ಸಾವೊಸ್‌ನ ಏರು ಎಷ್ಟೆಂದು ತಟ್ಟನೆ ತಿಳಿಯುತ್ತದೆ, ಎರಡೂ ಹೆಚ್ಚುಕಡಿಮೆ ಒಂದೇ ಲೆಕ್ಕ. ಐನೊಸ್‌ನಲ್ಲಿ ಶಿಖರದ ಹತ್ತಿರದವರೆಗೆ ವಾಹನ ಹೋಗುತ್ತದೆ. ಝಾಸ್ ಅರ್ಧ ದಿನದ ಕೆಲಸ.

ಎರಡನೆಯ ಎಚ್ಚರಿಕೆ: "ಜೀಯಸ್ ದೇವನ ಬೆಟ್ಟ" ಎಂಬ ಮಾತನ್ನು ನಂಬಿಯೂ ಆರಿಸಬೇಡಿ. ನಾಲ್ಕರಲ್ಲಿ ಮೂರು ಬೆಟ್ಟಗಳು ಜೀಯಸ್ ತಮ್ಮವನೆನ್ನುತ್ತವೆ. ಅದಕ್ಕಿಂತ ಹೆಚ್ಚು ತಿಳಿಸುವುದು ಆ ಬೆಟ್ಟದ ಮೇಲಿನ ಆಡುಕುರಿಗಳ ಕಥೆ. ವಿಚಿತ್ರವೆನ್ನಿಸಬಹುದು, ಆದರೆ ಈ ದ್ವೀಪಗಳ ನಿಸರ್ಗ, ಚರಿತ್ರೆ, ಜಾನಪದ ಮೂರೂ ಕುರಿಗಾಹಿಯ ದಾರಿಯಲ್ಲೇ ಸಂಧಿಸುತ್ತವೆ.

ಪ್ಸಿಲೊರೀಟಿಸ್, ಕ್ರೀಟ್

ಪುರಾಣದ ಇಡಾ ಪರ್ವತ ಇದೇ. ತನ್ನ ಮಕ್ಕಳನ್ನು ಹುಟ್ಟಿದ ಕೂಡಲೇ ನುಂಗುತ್ತಿದ್ದ ಕ್ರೋನೊಸ್‌ನಿಂದ ಕೂಸು ಜೀಯಸ್‌ನನ್ನು ಉಳಿಸಲು ತಾಯಿ ರಿಯಾ ಅದನ್ನು ಇಲ್ಲಿನ ಗವಿಯಲ್ಲಿ ಬಚ್ಚಿಟ್ಟಳು. ಅಮಾಲ್ಥಿಯಾ ಎಂಬ ಆಡು ಹಾಲೂಡಿಸಿತು. ಅಳುವ ದನಿ ತಂದೆಯ ಕಿವಿಗೆ ಬೀಳದಂತೆ ಕುರೀಟರೆಂಬ ಯೋಧರು ಗುರಾಣಿಗಳನ್ನು ಬಡಿಯುತ್ತ ಕುಣಿದರು. ಕಥೆ ಇಷ್ಟೇ ಆಗಿದ್ದರೆ ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಆದರೆ ನೀಡಾದ ಮೇಲಿರುವ ಇಡಾ ಗವಿಯನ್ನು 1885ರ ಸುಮಾರಿನಲ್ಲಿ ಇಟಲಿಯ ಫೆಡೆರಿಕೊ ಹಾಲ್ಬೆರ್ ಅಗೆದಾಗ ಮಣ್ಣಿನಿಂದ ಎದ್ದುಬಂದದ್ದು ಕ್ರಿಸ್ತಪೂರ್ವ 8ನೇ ಶತಮಾನದ ಆಸುಪಾಸಿನ ಕಂಚಿನ ಗುರಾಣಿಗಳು! ಜನ ಕಥೆಯನ್ನು ಕೇಳಿ ಸುಮ್ಮನಿರಲಿಲ್ಲ, ಹರಕೆಯಾಗಿ ಗುರಾಣಿಗಳನ್ನೇ ಹೊತ್ತು ತಂದು ಗವಿಗೆ ಒಪ್ಪಿಸಿದ್ದರು. ಅವುಗಳ ಜೊತೆ ಸಿಕ್ಕ ಒಂದು ಕಂಚಿನ ತಮಟೆಯ ಮೇಲಿನ ಚಿತ್ರವನ್ನು ಹೆರಾಕ್ಲಿಯೊನ್ ವಸ್ತುಸಂಗ್ರಹಾಲಯದಲ್ಲಿ ತಪ್ಪದೆ ನೋಡಿ. ಗಡ್ಡಧಾರಿ ದೇವನೊಬ್ಬ ಹೋರಿಯ ಮೇಲೆ ಕಾಲಿಟ್ಟು ಸಿಂಹವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾನೆ. ಅತ್ತಿತ್ತ ರೆಕ್ಕೆಯುಳ್ಳ ಇಬ್ಬರು ವಾದ್ಯ ಬಡಿಯುತ್ತಿದ್ದಾರೆ. ಗಡ್ಡ, ಕೇಶ, ನಿಲುವು ಎಲ್ಲವೂ ಅಸೀರಿಯಾದ ಶೈಲಿ. ಕಥೆ ಕ್ರೀಟಿನದು, ಕೈಚಳಕ ಪೂರ್ವದ ನಾಡಿನದು. ಬೆಟ್ಟ ಹತ್ತುವ ಮೊದಲೇ ಇದನ್ನು ನೋಡಿಕೊಂಡರೆ ಗವಿಯ ಮುಂದೆ ನಿಂತಾಗ ಕಲ್ಲು ಬರಿಯ ಕಲ್ಲಾಗಿ ಕಾಣುವುದಿಲ್ಲ.

ಒಂದು ಗೊಂದಲವನ್ನು ಇಲ್ಲೇ ಬಗೆಹರಿಸಬೇಕು. ಕ್ರೀಟಿನ ಪೂರ್ವದಲ್ಲಿ ಡಿಕ್ಟಿ ಎಂಬ ಇನ್ನೊಂದು ಪರ್ವತಸಾಲು ಇದೆ, ಅಲ್ಲಿನ ಪ್ಸಿಖ್ರೊ ಗವಿಯೂ ಜೀಯಸ್‌ನ ಜನ್ಮಸ್ಥಳವೆಂದು ಪ್ರಸಿದ್ಧ. ಹುಟ್ಟಿದ್ದು ಡಿಕ್ಟಿಯಲ್ಲಿ, ಬೆಳೆದದ್ದು ಇಡಾದಲ್ಲಿ ಎಂದು ರಾಜಿ ಮಾಡುವವರೂ ಇದ್ದಾರೆ. ನೋಟಕ್ಕೆ ಪ್ಸಿಖ್ರೊ ಗವಿಯೇ ಚೆಂದ: ಇಳಿಯಲು ಮೆಟ್ಟಿಲು, ತೂಗುವ ಸುಣ್ಣದ ಶಿಲಾಕಂಬಗಳು, ತಳದಲ್ಲಿ ನೀರು. ಗವಿಯನ್ನಷ್ಟೇ ನೋಡಬೇಕೆಂದರೆ ಅಲ್ಲಿಗೆ ಹೋಗಿ. ಬೆಟ್ಟವೂ ಬೇಕೆಂದರೆ ಇಡಾಕ್ಕೆ ಬನ್ನಿ. ಕ್ರೀಟಿಗರು ಜೀಯಸ್‌ನ ಸಮಾಧಿಯನ್ನೂ ತೋರಿಸುತ್ತಾರೆ, ಹೆರಾಕ್ಲಿಯೊನ್ ಪಕ್ಕದ ಯುಕ್ತಾಸ್ ಗುಡ್ಡದಲ್ಲಿ. ಊರಿನಿಂದ ನೋಡಿದರೆ ಆ ಗುಡ್ಡ ಅಂಗಾತ ಮಲಗಿದ ಗಡ್ಡದ ಮುಖದಂತೆ ಕಾಣುತ್ತದೆ. ಸಾವಿಲ್ಲದ ದೇವನಿಗೆ ಸಮಾಧಿ ಕಟ್ಟಿದರೆಂದು ಉಳಿದ ಗ್ರೀಕರು ಕ್ರೀಟಿಗರನ್ನು ಸುಳ್ಳರೆಂದು ಕರೆದರು.

ಈ ಬೆಟ್ಟದ ಹೆಬ್ಬಾಗಿಲು ಅನೋಯಿಯಾ ಎಂಬ ಹಳ್ಳಿ. ಅಲ್ಲಿ ಒಂದು ರಾತ್ರಿಯಾದರೂ ತಂಗದೆ ನೇರವಾಗಿ ಶಿಖರಕ್ಕೆ ಓಡುವವರು ಅರ್ಧ ಬೆಟ್ಟವನ್ನು ಬಿಟ್ಟುಬಂದಂತೆ. 1822ರಲ್ಲಿ, 1867ರಲ್ಲಿ ಒಟ್ಟೋಮನ್ ಸೈನ್ಯ ಈ ಊರನ್ನು ಸುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ದ್ವೀಪ ಜರ್ಮನರ ವಶದಲ್ಲಿದ್ದಾಗ, 1944ರ ಏಪ್ರಿಲ್ 26ರಂದು, ಪ್ಯಾಟ್ರಿಕ್ ಲೀ ಫರ್ಮರ್ ಮತ್ತು ಸ್ಟ್ಯಾನ್ಲಿ ಮಾಸ್ ಎಂಬ ಬ್ರಿಟಿಷ್ ಅಧಿಕಾರಿಗಳು ಕ್ರೀಟಿನ ಪ್ರತಿರೋಧಿಗಳ ಜೊತೆ ಸೇರಿ ಜರ್ಮನ್ ಜನರಲ್ ಹೈನ್ರಿಖ್ ಕ್ರೈಪೆಯನ್ನು ಅಪಹರಿಸಿದರು. ಅವನನ್ನು ನಡೆಸಿಕೊಂಡು ಈ ಹಿಮದ ಬೆಟ್ಟವನ್ನೇ ದಾಟಿ ದಕ್ಷಿಣ ತೀರದಿಂದ ಈಜಿಪ್ಟಿಗೆ ಸಾಗಿಸಿದರು. ದಾರಿ ಬಲ್ಲವರು, ಬಚ್ಚಿಟ್ಟವರು, ಊಟ ಕೊಟ್ಟವರು ಎಲ್ಲರೂ ಕುರಿಗಾಹಿಗಳು. ಅದೇ ವರ್ಷದ ಆಗಸ್ಟ್‌ನಲ್ಲಿ ಜನರಲ್ ಮುಲ್ಲರ್‌ನ ಆಜ್ಞೆಯಂತೆ ಅನೋಯಿಯಾ ನೆಲಸಮವಾಯಿತು. ಆಜ್ಞೆಯಲ್ಲಿ ಕೊಟ್ಟ ಕಾರಣಗಳಲ್ಲಿ ಈ ಅಪಹರಣವೂ ಒಂದು. ಊರಿನ ಒಂದು ಕಿಲೋಮೀಟರ್ ಸುತ್ತಳತೆಯಲ್ಲಿ ಸಿಗುವ ಪ್ರತಿಯೊಬ್ಬ ಗಂಡಸನ್ನೂ ಕೊಲ್ಲಬೇಕೆಂದು ಅದರಲ್ಲಿತ್ತು. ಊರಿನವರು ಆ ಆಜ್ಞೆಯನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ್ದಾರೆ. ಮೇಲೆ ನೀಡಾದಲ್ಲಿ ಜರ್ಮನಿಯ ಶಿಲ್ಪಿ ಕಾರಿನ್ ರೇಕ್ ಬಂಡೆಗಳನ್ನು ನೆಲದ ಮೇಲೆ ಜೋಡಿಸಿ ರೆಕ್ಕೆಯುಳ್ಳ ಪ್ರತಿರೋಧಿಯೊಬ್ಬನ ಬೃಹತ್ ಆಕೃತಿಯನ್ನು ಮಾಡಿದ್ದಾರೆ. ಹತ್ತಿರದಿಂದ ಅದು ಕಲ್ಲಿನ ರಾಶಿ. ಗವಿಯ ದಾರಿಯಲ್ಲಿ ಮೇಲೇರಿದಂತೆ ಮನುಷ್ಯನ ಆಕಾರ ತೆರೆದುಕೊಳ್ಳುತ್ತದೆ. ಸುಟ್ಟವರ ನಾಡಿನಿಂದ ಬಂದವಳಿಗೆ ಇಲ್ಲಿನ ಕುರಿಗಾಹಿಗಳೇ ಕಲ್ಲು ಹೊತ್ತುಕೊಟ್ಟರು ಎಂಬುದು ನನ್ನನ್ನು ಬಹಳ ತಟ್ಟಿದ ಸಂಗತಿ.

ಅನೋಯಿಯಾ ಹಾಡಿನ ಊರೂ ಹೌದು. ಲೀರಾ ಎಂಬ ಮೂರು ತಂತಿಯ ವಾದ್ಯವನ್ನು ತೊಡೆಯ ಮೇಲಿಟ್ಟು ಕಮಾನಿನಿಂದ ನುಡಿಸುತ್ತಾರೆ. ಹದಿನೈದು ಅಕ್ಷರದ ಸಾಲಿನ, ಪ್ರಾಸವುಳ್ಳ ದ್ವಿಪದಿಗಳನ್ನು ಕೂತಲ್ಲೇ ಕಟ್ಟಿ ಹಾಡುತ್ತಾರೆ. ಗ್ರೀಸಿನಾದ್ಯಂತ ಮನೆಮಾತಾಗಿದ್ದ ಗಾಯಕ ನಿಕೊಸ್ ಕ್ಸಿಲೂರಿಸ್ (1936–1980) ಇಲ್ಲಿಯವನೇ. ಸಸ್ಯಾಹಾರಿಗಳಿಗೆ ಒಂದು ಮಾತು: ಇಲ್ಲಿ ಹೆಸರಾದ ತಿನಿಸು ಬೆಂಕಿಯ ಸುತ್ತ ನಿಲ್ಲಿಸಿ ಸುಡುವ ಕುರಿಮಾಂಸ. ಗಿಣ್ಣು (ಚೀಸ್) ಉದುರಿಸಿ ಕೊಡುವ ಪಾಸ್ತಾ ಸಸ್ಯಾಹಾರದಂತೆ ಕಂಡರೂ ಅದನ್ನು ಹೆಚ್ಚಾಗಿ ಮಾಂಸದ ಸಾರಿನಲ್ಲೇ ಬೇಯಿಸಿರುತ್ತಾರೆ, ಕೇಳಿ ತೆಗೆದುಕೊಳ್ಳಿ. ಬೇಯಿಸಿದ ಕಾಡುಸೊಪ್ಪು, ಟೊಮೆಟೊ ಹಾಕಿದ ಬಾರ್ಲಿ ರೊಟ್ಟಿ ಎಲ್ಲೆಡೆ ಸಿಗುತ್ತದೆ.

ಅಲ್ಲಿಂದ ನೀಡಾಕ್ಕೆ ಸುಮಾರು 20 ಕಿಲೋಮೀಟರ್ ರಸ್ತೆ. ದಾರಿಯುದ್ದಕ್ಕೂ ಮಿತಾತೊ ಎಂಬ ಕುರಿಗಾಹಿಗಳ ಗುಂಡು ಮನೆಗಳು. ಈ ಬೆಟ್ಟದ ಸುಣ್ಣಕಲ್ಲು ಹಲಗೆಹಲಗೆಯಾಗಿ ಏಳುತ್ತದೆ. ಆ ಹಲಗೆಗಳನ್ನು ಸುತ್ತಲೂ ಒಂದರ ಮೇಲೊಂದು ಸ್ವಲ್ಪಸ್ವಲ್ಪ ಒಳಚಾಚಿ ಪೇರಿಸುತ್ತ ಹೋಗಿ ಗುಮ್ಮಟವನ್ನು ಮುಚ್ಚುತ್ತಾರೆ, ನೆತ್ತಿಯಲ್ಲಿ ಹೊಗೆ ಹೋಗಲು ಕಿಂಡಿ ಬಿಡುತ್ತಾರೆ. ಗಾರೆಯಿಲ್ಲ, ಮರವಿಲ್ಲ. ಬೇಸಿಗೆಯಲ್ಲಿ ಇದರೊಳಗೆ ಹಾಲು ಕಾಯಿಸಿ ಗಿಣ್ಣು ಮಾಡುತ್ತಿದ್ದರು. ಶಿಖರದ ಮೇಲಿನ ಪವಿತ್ರ ಶಿಲುಬೆಯ ಪುಟ್ಟ ಚರ್ಚ್ ಕೂಡ ಇದೇ ರೀತಿ ಕಟ್ಟಿದ್ದು. ಅಂದರೆ ದೇವರಿಗೂ ಇಲ್ಲಿ ಕುರಿಗಾಹಿಯ ಮನೆಯೇ. ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬಕ್ಕೆ ಜನ ಹಿಂದಿನ ದಿನವೇ ಹತ್ತಿ ರಾತ್ರಿ ಅಲ್ಲೇ ಕಳೆಯುತ್ತಾರೆ.

ನೀಡಾದಿಂದ ತುದಿಗೆ ನಾಲ್ಕೈದು ಗಂಟೆ. ಕಠಿಣವಾದ ಹತ್ತುವಿಕೆಯಲ್ಲ, ಆದರೆ ನೆರಳೂ ಇಲ್ಲ, ನೀರೂ ಇಲ್ಲ. ಸುಣ್ಣಕಲ್ಲು ಮಳೆಯನ್ನೆಲ್ಲ ಕುಡಿದು ಬುಡದ ಊರುಗಳ ಚಿಲುಮೆಗಳಿಗೆ ಕಳಿಸುತ್ತದೆ. ಹಿಮ ಕರಗುವ ಅಂಚಿನಲ್ಲಿ ಬಿಳಿ ಕ್ರೋಕಸ್ ಹೂವು, ಆಕಾಶದಲ್ಲಿ ರಣಹದ್ದು. ಮೂಳೆಯನ್ನು ಎತ್ತರದಿಂದ ಬಂಡೆಗೆ ಬೀಳಿಸಿ ಒಡೆದು ತಿನ್ನುವ ಗಡ್ಡದ ರಣಹದ್ದು ಗ್ರೀಸಿನಲ್ಲಿ ಉಳಿದಿರುವುದು ಕ್ರೀಟಿನ ಬೆಟ್ಟಗಳಲ್ಲೇ. ಪಶ್ಚಿಮದ ಬಿಳಿಬೆಟ್ಟಗಳ ಪಾಕ್ನೆಸ್ ಶಿಖರ ಇದಕ್ಕಿಂತ ಮೂರೇ ಮೀಟರ್ ಗಿಡ್ಡ. ಆ ಕೊರತೆಯನ್ನು ತುಂಬಲು ಸ್ಫಾಕಿಯಾದ ಕುರಿಗಾಹಿಗಳು ಅದರ ತುದಿಯಲ್ಲಿ ಕಲ್ಲು ಪೇರಿಸುತ್ತಾರೆಂಬ ಮಾತು ಕ್ರೀಟಿನಲ್ಲಿದೆ.

ಸಾವೊಸ್, ಸಮೊಥ್ರಾಕಿ

ನೀರು ಬೇಕೆನ್ನುವವರಿಗೆ, ಮೈ ದಣಿಸಬೇಕೆನ್ನುವವರಿಗೆ ನಾನು ಹೇಳುವುದು ಇದನ್ನು. ಏಜಿಯನ್ ಸಮುದ್ರದ ಈಶಾನ್ಯ ಮೂಲೆಯಲ್ಲಿ ಕಡಲಿನಿಂದ ನೇರವಾಗಿ ಎದ್ದ ಬೆಟ್ಟ. ಉತ್ತರದ ಇಳಿಜಾರಿನಲ್ಲಿ ವರ್ಷವಿಡೀ ಹರಿಯುವ ಹಳ್ಳಗಳು, ಅವುಗಳ ಮೇಲೆ ಬಾಗಿದ ಪ್ಲೇನ್ ಮರಗಳು, ಬಂಡೆಗಳ ನಡುವೆ ಒಂದರ ಮೇಲೊಂದು ಮಡುಗಳು. ಬುಡದ ಥೆರ್ಮಾ ಊರಿನಲ್ಲಿ ಗಂಧಕದ ಬಿಸಿನೀರಿನ ಬುಗ್ಗೆಗಳಿವೆ. ಇಳಿದು ಬಂದ ಮೊಣಕಾಲಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಶಿಖರಕ್ಕೆ ದಾರಿ ಹೊರಡುವುದೂ ಇದೇ ಊರಿನಿಂದ. ಓಕ್ ಕಾಡು ಮುಗಿದ ಮೇಲೆ ಸಡಿಲ ಕಲ್ಲಿನ ಏಣು. ಮಂಜು ಕವಿದರೆ ಗುರುತುಗಳು ಕಾಣುವುದಿಲ್ಲ, ಆಗ ಮುಂದುವರಿಯಬಾರದು. ಹೋಗಿಬರಲು ಇಡೀ ದಿನ ಬೇಕು.

ಫೆಂಗಾರಿ ಎಂಬ ಆ ತುದಿಯಲ್ಲಿ ಕುಳಿತು ಕಡಲಿನ ದೇವ ಪೊಸೈಡನ್ ಟ್ರಾಯ್ ಯುದ್ಧವನ್ನು ನೋಡಿದನೆಂದು ಹೋಮರನ ಕಾವ್ಯ ಹೇಳುತ್ತದೆ. ಭೂಪಟ ಬಿಡಿಸಿದರೆ ಇದು ಸುಳ್ಳೆನ್ನಿಸುತ್ತದೆ, ಏಕೆಂದರೆ ಸಮೊಥ್ರಾಕಿಗೂ ಟ್ರಾಯ್‌ಗೂ ನಡುವೆ ಇಂಬ್ರೊಸ್ ದ್ವೀಪ ಅಡ್ಡ ಬರುತ್ತದೆ. ಆದರೆ ಇಂಬ್ರೊಸ್ ತಗ್ಗು, ಸಾವೊಸ್ ಎತ್ತರ. ಟ್ರಾಯ್ ಬಯಲಿನಲ್ಲಿ ನಿಂತವರಿಗೆ ಇಂಬ್ರೊಸ್‌ನ ಹೆಗಲ ಮೇಲಿಂದ ಸಾವೊಸ್‌ನ ತಲೆ ಕಾಣುತ್ತದೆ. ಪೊಸೈಡನ್‌ನನ್ನು ಅಲ್ಲಿ ಕೂರಿಸಿದ ಕವಿಗೆ ಈ ಸಂಗತಿ ಗೊತ್ತಿತ್ತು. ಹುಣ್ಣಿಮೆಯ ರಾತ್ರಿ ಈ ತುದಿ ಮುಟ್ಟಿದವರ ಬಯಕೆ ಈಡೇರುತ್ತದೆಂಬ ಪ್ರತೀತಿ ದ್ವೀಪದಲ್ಲಿದೆ. ನಂಬಿಕೆ ಸುಂದರವಾದದ್ದೇ, ಆದರೆ ಆ ಏಣಿನಲ್ಲಿ ಕತ್ತಲಲ್ಲಿ ನಡೆಯುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಬೆಟ್ಟದ ಬುಡದ ಮಹಾದೇವತೆಗಳ ಕ್ಷೇತ್ರ ಪ್ರಾಚೀನ ಗ್ರೀಸಿನ ಅತಿ ಗೌರವದ ರಹಸ್ಯ ದೀಕ್ಷೆಗಳ ತಾಣ. ಗಂಡು ಹೆಣ್ಣು, ಒಡೆಯ ದಾಸ, ಗ್ರೀಕ ಪರದೇಶಿ ಯಾರು ಬೇಕಾದರೂ ದೀಕ್ಷೆ ಪಡೆಯಬಹುದಿತ್ತು. ಅಲೆಗ್ಸಾಂಡರನ ತಂದೆ ಫಿಲಿಪ್ಪನೂ ತಾಯಿ ಒಲಿಂಪಿಯಾಸಳೂ ಮೊದಲು ಕಂಡದ್ದು ಇಲ್ಲಿ ದೀಕ್ಷೆಗೆ ಬಂದಾಗ ಎಂದು ಪ್ಲೂಟಾರ್ಕ್ ಬರೆದಿದ್ದಾನೆ. ದೀಕ್ಷಿತರು ಕಡಲಿನಲ್ಲಿ ಮುಳುಗುವುದಿಲ್ಲವೆಂಬ ನಂಬಿಕೆಯಿತ್ತು. ಬದುಕಿ ಬಂದವರು ಒಪ್ಪಿಸಿದ ಹರಕೆಗಳ ಸಾಲನ್ನು ತೋರಿಸಿದಾಗ ನಾಸ್ತಿಕ ಡಯಾಗೊರಾಸ್, ಮುಳುಗಿ ಹೋದವರೂ ಹರಕೆ ಒಪ್ಪಿಸಿದ್ದರೆ ಇನ್ನೂ ಎಷ್ಟೋ ಇರುತ್ತಿದ್ದವು ಎಂದನಂತೆ. ಪ್ಯಾರಿಸ್ಸಿನ ಲೂವ್ರ್‌ನ ಮೆಟ್ಟಿಲ ಮೇಲೆ ರೆಕ್ಕೆ ಬಿಚ್ಚಿ ನಿಂತ ವಿಜಯದೇವತೆ 1863ರಲ್ಲಿ ಸಿಕ್ಕಿದ್ದು ಈ ಕ್ಷೇತ್ರದಲ್ಲೇ. ಹಡಗಿನ ಮೂತಿಯ ಮೇಲೆ ಅವಳನ್ನು ನಿಲ್ಲಿಸಿದ್ದೇಕೆಂಬುದು ಈ ಗಾಳಿಯ ದ್ವೀಪಕ್ಕೆ ದೋಣಿಯಲ್ಲಿ ಬಂದವರಿಗೆ ಅರ್ಥವಾಗುತ್ತದೆ.

ಕ್ರೀಟಿನಲ್ಲಿ ದೇವನಿಗೆ ಹಾಲೂಡಿಸಿದ ಆಡು ಇಲ್ಲಿ ಬೆಟ್ಟವನ್ನೇ ಮೇಯುತ್ತಿದೆ. ಮೂರು ಸಾವಿರದಷ್ಟು ಜನರಿರುವ ದ್ವೀಪದಲ್ಲಿ ಹತ್ತಾರು ಸಾವಿರ ಆಡುಗಳಿವೆ. ಅವು ಓಕ್ ಸಸಿಗಳನ್ನು ಮೇಲೇಳಲು ಬಿಡುವುದಿಲ್ಲ. ಹಳೆಯ ಮರ ಬಿದ್ದ ಜಾಗದಲ್ಲಿ ಹೊಸ ಮರವಿಲ್ಲ, ಬೇರಿಲ್ಲದ ಮಣ್ಣು ಮಳೆಗೆ ಜಾರುತ್ತದೆ. 2017ರ ಸೆಪ್ಟೆಂಬರ್‌ನ ಬಿರುಮಳೆಯಲ್ಲಿ ಮುಖ್ಯ ಊರಾದ ಖೋರಾಕ್ಕೆ ಕೆಸರು ನುಗ್ಗಿ ಭಾರಿ ಹಾನಿಯಾಯಿತು. ಹತ್ತುವಾಗ ಮರಗಳ ಬುಡದಲ್ಲಿ ಎಳೆಯ ಗಿಡ ಕಾಣುತ್ತದೆಯೇ ಎಂದು ಗಮನಿಸಿ. ಈ ದ್ವೀಪದ ಸಂಕಟ ಕಣ್ಣಿಗೆ ಬೀಳುವುದು ಅಲ್ಲಿ.

ಐನೊಸ್, ಕೆಫಲೋನಿಯಾ

ವಯಸ್ಸಾದ ತಂದೆತಾಯಿ, ಮಕ್ಕಳು ಜೊತೆಗಿದ್ದರೆ ಯೋಚನೆಯೇ ಬೇಡ, ಇದನ್ನೇ ಆರಿಸಿ. ನಾಲ್ಕರಲ್ಲಿ ದಟ್ಟ ಕಾಡು ಮುಸುಕಿರುವುದು ಇದೊಂದಕ್ಕೇ. ಕೆಫಲೋನಿಯಾದ ಹೆಸರನ್ನೇ ಹೊತ್ತ ಫರ್ ಮರಗಳ ಕಾಡು. ಕೊಂಬೆಯೊಂದನ್ನು ಹತ್ತಿರದಿಂದ ನೋಡಿ: ಗಟ್ಟಿ, ಚೂಪು ಎಲೆಗಳು ಕಡ್ಡಿಯ ಸುತ್ತ ಎಲ್ಲ ದಿಕ್ಕಿಗೂ ನಿಂತಿರುತ್ತವೆ, ಕಾಯಿಗಳು ಜೋತುಬೀಳದೆ ನೆಟ್ಟಗೆ ಕೂತಿರುತ್ತವೆ. ಈ ಕಡುಹಸುರಿನಿಂದಾಗಿಯೇ ವೆನಿಸ್ಸಿನವರು ಇದನ್ನು ಕರಿಬೆಟ್ಟವೆಂದರು. ಹಡಗಿಗೆ ಮರವನ್ನೂ ಕಡಿದರು. ಬ್ರಿಟಿಷರ ಆಡಳಿತದಲ್ಲಿ ಇಲ್ಲಿದ್ದ ಚಾರ್ಲ್ಸ್ ನೇಪಿಯರ್ 1824ರಲ್ಲಿ ಇದರ ಬೀಜಗಳನ್ನು ಇಂಗ್ಲೆಂಡಿಗೆ ಕಳಿಸಿದ. ಮುಂದೆ 1843ರಲ್ಲಿ ಸಿಂಧ್ ಪ್ರಾಂತವನ್ನು ವಶಪಡಿಸಿಕೊಂಡವನೂ ಅವನೇ. 1962ರಿಂದ ಇದು ರಾಷ್ಟ್ರೀಯ ಉದ್ಯಾನ. ದಕ್ಷಿಣದ ಇಳಿಜಾರಿನಲ್ಲಿ ಅರೆಕಾಡು ಕುದುರೆಗಳ ಚಿಕ್ಕ ಹಿಂಡೊಂದು ಉಳಿದಿದೆ.

ತುದಿಯಲ್ಲಿ ಐನೊಸ್‌ನ ಜೀಯಸ್‌ಗೆ ಪೂಜಾಸ್ಥಾನವಿತ್ತೆಂದು ಪ್ರಾಚೀನ ಭೂಗೋಳಕಾರ ಸ್ಟ್ರಾಬೊ ದಾಖಲಿಸಿದ್ದಾನೆ. ಈ ದ್ವೀಪದ ಆಡುಗಳು ನೀರು ಕುಡಿಯದೆ ಕಡಲಿಗೆ ಮುಖಮಾಡಿ ಬಾಯಿ ತೆರೆದು ಗಾಳಿಯನ್ನೇ ಕುಡಿಯುತ್ತವೆಂದೂ ಪ್ರಾಚೀನರು ಬರೆದರು. ಒಣ ಬೆಟ್ಟ, ಒದ್ದೆ ಕಡಲಗಾಳಿ ಎರಡನ್ನೂ ಕಂಡವರ ಕಲ್ಪನೆ ಅದು.

ಇಲ್ಲಿನ ಜೀವಂತ ಜಾನಪದ ಶಿಖರದಲ್ಲಿಲ್ಲ, ತಪ್ಪಲಿನಲ್ಲಿದೆ. ಓಮಲಾ ಕಣಿವೆಯಲ್ಲಿ ರೊಬೊಲಾ ದ್ರಾಕ್ಷಿತೋಟಗಳ ನಡುವೆ ದ್ವೀಪದ ರಕ್ಷಕ ಸಂತ ಗೆರಾಸಿಮೊಸ್‌ನ ಮಠ. ಆಗಸ್ಟ್ 16ರಂದು ಸಂತನ ದೇಹವನ್ನು ಮೆರವಣಿಗೆಯಲ್ಲಿ ಹೊತ್ತು ತರುವಾಗ ರೋಗಿಗಳು ದಾರಿಯಲ್ಲಿ ಸಾಲಾಗಿ ಮಲಗುತ್ತಾರೆ, ಪಲ್ಲಕ್ಕಿ ಅವರ ಮೇಲೆ ಹಾದುಹೋಗುತ್ತದೆ. ದಕ್ಷಿಣ ತಪ್ಪಲಿನ ಮಾರ್ಕೊಪೌಲೊ ಹಳ್ಳಿಯಲ್ಲಿ ಅದೇ ಹೊತ್ತಿಗೆ, ಆಗಸ್ಟ್ 15ರ ಮಾತೆ ಮರಿಯಳ ಹಬ್ಬದ ಮುನ್ನ, ಚರ್ಚಿನ ಸುತ್ತ ಸಣ್ಣ ಹಾವುಗಳು ಕಾಣಿಸಿಕೊಳ್ಳುತ್ತವೆ. ತಲೆಯ ಮೇಲಿನ ಕಪ್ಪು ಗುರುತು ಶಿಲುಬೆಯದೆಂದು ಊರಿನವರ ಭಾವನೆ. ಕಡಲ್ಗಳ್ಳರು ಕನ್ಯಾಮಠಕ್ಕೆ ನುಗ್ಗಿದಾಗ ಸನ್ಯಾಸಿನಿಯರ ಮೊರೆ ಕೇಳಿ ಮಾತೆ ಅವರನ್ನು ಹಾವುಗಳಾಗಿಸಿ ಕಾಪಾಡಿದಳೆಂಬುದು ಐತಿಹ್ಯ. ಭಕ್ತರು ಅವುಗಳನ್ನು ಕೈಯಲ್ಲಿ, ಕೊರಳಲ್ಲಿ ಇರಿಸಿಕೊಳ್ಳುತ್ತಾರೆ. ಯುದ್ಧ ಬಂದ 1940ರಲ್ಲಿ, ಭೂಕಂಪವಾದ 1953ರಲ್ಲಿ ಹಾವುಗಳು ಬರಲಿಲ್ಲವೆಂದು ಹಿರಿಯರು ಹೇಳುತ್ತಾರೆ. ಆ 1953ರ ಆಗಸ್ಟ್ ಭೂಕಂಪ ದ್ವೀಪದ ಹೆಚ್ಚುಕಡಿಮೆ ಎಲ್ಲ ಮನೆಗಳನ್ನೂ ಉರುಳಿಸಿತು. ಹಳೆಯ ಕಟ್ಟಡಗಳನ್ನು ಹುಡುಕಿಕೊಂಡು ಹೋಗುವವರಿಗೆ ಇಲ್ಲಿ ನಿರಾಸೆಯಾಗುತ್ತದೆ.

ಝಾಸ್, ನಾಕ್ಸೊಸ್

ಸೈಕ್ಲಡೀಸ್ ದ್ವೀಪಸಮೂಹದ ಅತಿ ಎತ್ತರದ ಬೆಟ್ಟ. ಸ್ಯಾಂಟೊರಿನಿ ನೋಡಲು ಹೊರಟು ನಡುವೆ ಒಂದು ಬೆಳಗ್ಗೆ ಬಿಡುವಿರುವವರಿಗೆ ತಕ್ಕದ್ದು. ಫಿಲೊಟಿ ಹಳ್ಳಿಯ ಮೇಲಿನ ಅಗಿಯಾ ಮರೀನಾ ಚರ್ಚಿನಿಂದ ಎರಡು ಗಂಟೆಯೊಳಗೆ ತುದಿ ತಲುಪಬಹುದು. ದಾರಿಯ ಪಕ್ಕದ ಬಂಡೆಯೊಂದರಲ್ಲಿ ಪ್ರಾಚೀನ ಗ್ರೀಕ್ ಅಕ್ಷರಗಳಿವೆ: ಈ ಬೆಟ್ಟ ಮಂದೆಗಳನ್ನು ಕಾಯುವ ಜೀಯಸ್‌ನದು ಎಂಬ ಬರಹ. ಅದನ್ನು ಹುಡುಕಿ ಓದಿ. ಇಳಿಯುವಾಗ ಝಾಸ್ ಗವಿ, ಆರಿಯಾ ಚಿಲುಮೆಯ ದಾರಿ ಹಿಡಿದರೆ ಸುತ್ತು ಪೂರ್ತಿಯಾಗುತ್ತದೆ, ಆದರೆ ಆ ಬದಿ ಕಡಿದು, ಕಲ್ಲು ಸಡಿಲ. ಚರಿತ್ರೆಯ ದಟ್ಟಣೆಯಲ್ಲಿ ಝಾಸ್ ಉಳಿದ ಮೂರಕ್ಕೆ ಸಾಟಿಯಲ್ಲ.

ಯಾವಾಗ, ಹೇಗೆ

ಮೇ ಕೊನೆಯಿಂದ ಜೂನ್, ಮತ್ತೆ ಸೆಪ್ಟೆಂಬರ್ ನಾಲ್ಕಕ್ಕೂ ಒಳ್ಳೆಯ ಕಾಲ. ಪ್ಸಿಲೊರೀಟಿಸ್ ಮೇಲೆ ಮೇ ತಿಂಗಳಲ್ಲೂ ಹಿಮದ ತೇಪೆಗಳಿರುತ್ತವೆ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಮೇಲೆ ಮೆಲ್ತೆಮಿ ಎಂಬ ಉತ್ತರದ ಗಾಳಿ ಬೀಸುತ್ತದೆ. ಝಾಸ್ ಮತ್ತು ಸಾವೊಸ್ ತುದಿಯಲ್ಲಿ ನಿಲ್ಲುವುದೇ ಕಷ್ಟವಾಗಬಹುದು. ರಜೆ ಸಿಗುವುದು ಆಗಸ್ಟ್ ನಡುವಿನಲ್ಲಿ ಮಾತ್ರವೆಂದಾದರೆ ಕೆಫಲೋನಿಯಾವೇ ಸರಿ: ಹಾವುಗಳ ಹಬ್ಬವೂ ಸಂತನ ಮೆರವಣಿಗೆಯೂ ಬೆನ್ನುಬೆನ್ನಿಗೆ ಸಿಗುತ್ತವೆ, ಕಾಡಿನಲ್ಲಿ ತಂಪಿರುತ್ತದೆ. ಸೆಪ್ಟೆಂಬರ್ ನಡುವಿನಲ್ಲಾದರೆ 14ನೇ ತಾರೀಖಿಗೆ ಹೊಂದಿಸಿಕೊಂಡು ಪ್ಸಿಲೊರೀಟಿಸ್‌ಗೆ ಹೋಗಿ.

ಹತ್ತು ದಿನವಿದ್ದರೆ ಕ್ರೀಟ್ ಮತ್ತು ನಾಕ್ಸೊಸ್ ಎರಡನ್ನೂ ಸೇರಿಸಬಹುದು, ಬೇಸಿಗೆಯಲ್ಲಿ ಹೆರಾಕ್ಲಿಯೊನ್‌ನಿಂದ ಅತ್ತ ದೋಣಿಗಳಿವೆ. ಕೆಫಲೋನಿಯಾ ಪಶ್ಚಿಮದ ಅಯೋನಿಯನ್ ಕಡಲಿನಲ್ಲಿದೆ, ಸಮೊಥ್ರಾಕಿ ಈಶಾನ್ಯದ ತುದಿಯಲ್ಲಿದೆ. ಇವೆರಡನ್ನು ಒಂದೇ ಪ್ರವಾಸಕ್ಕೆ ಕಟ್ಟಲು ಹೋದರೆ ದಿನಗಳೆಲ್ಲ ದಾರಿಯಲ್ಲೇ ಕಳೆಯುತ್ತವೆ. ಕೆಫಲೋನಿಯಾಕ್ಕೆ ಅಥೆನ್ಸಿನಿಂದ ವಿಮಾನವಿದೆ. ಸಮೊಥ್ರಾಕಿಯಲ್ಲಿ ವಿಮಾನ ನಿಲ್ದಾಣವಿಲ್ಲ: ಅಲೆಕ್ಸಾಂಡ್ರೂಪೊಲಿಗೆ ಹೋಗಿ ಅಲ್ಲಿಂದ ಸುಮಾರು ಎರಡು ಗಂಟೆ ದೋಣಿಯಲ್ಲಿ ಸಾಗಬೇಕು. ಗಾಳಿ ಜೋರಾದರೆ ದೋಣಿ ಹೊರಡುವುದಿಲ್ಲ, ಆದ್ದರಿಂದ ದ್ವೀಪ ಬಿಡುವ ದಿನಕ್ಕೂ ಊರಿಗೆ ಮರಳುವ ವಿಮಾನಕ್ಕೂ ನಡುವೆ ಒಂದು ದಿನವನ್ನಾದರೂ ಖಾಲಿ ಇಟ್ಟುಕೊಳ್ಳಿ.